ಟರ್ಬೊ ಎಂಜಿನ್‌ಗೆ ಹೆಡ್ ಪೋರ್ಟಿಂಗ್: ಜಿಪ್ಸಿ, ಎಸ್ಟೀಮ್‌ನ 16 ವಾಲ್ವ್ ಹೆಡ್ ಇಟ್ಟುಕೊಂಡು ಹಂತ ಹಂತವಾಗಿ

"ಗಾಡಿಗೆ ಟರ್ಬೊ ಹಾಕಿಸ್ತಾ ಇದ್ದೀನಿ. ಹೆಡ್ ಪೋರ್ಟಿಂಗ್ ಯಾಕೆ ಬೇಕು? ಬೂಸ್ಟ್ ಜಾಸ್ತಿ ಮಾಡಿದ್ರೆ ಸಾಕಲ್ವಾ?" ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಇದರ ಉಲ್ಟಾ ಯೋಚಿಸುವವರೂ ಇದ್ದಾರೆ: "ಟರ್ಬೊ ಅಷ್ಟೊಂದು ಗಾಳಿ ತಳ್ಳುತ್ತೆ, ಅದಕ್ಕೇ ಪೋರ್ಟನ್ನ ಆದಷ್ಟು ದೊಡ್ಡದು ಮಾಡ್ಬೇಕು ಅಂತಿದ್ದೀನಿ." ಎರಡೂ ತಪ್ಪು. (ಹೆಡ್ ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳ; ಗಾಳಿಗೂ ಹೊಗೆಗೂ ಬಾಗಿಲಾದ ವಾಲ್ವ್‌ಗಳು ಅದರಲ್ಲೇ ಇರುತ್ತವೆ. ಅದರೊಳಗಿನ ಗಾಳಿಯ ದಾರಿಗಳನ್ನು ಕೊರೆದು ತಿದ್ದುವುದೇ ಪೋರ್ಟಿಂಗ್. ಟರ್ಬೊ ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ತಳ್ಳುವ ಪಂಪು, ಬೂಸ್ಟ್ ಅಂದರೆ ಅದು ಕೊಡುವ ಹೆಚ್ಚುವರಿ ಒತ್ತಡ.) ಯಾಕೆ ಅಂತ ಮೊದಲು ನೋಡೋಣ. ಅದು ತಲೆಗೆ ಹೋಗದೆ ಗ್ರೈಂಡರ್ ಹಿಡಿದರೆ ಒಳ್ಳೆಯ ಹೆಡ್ ಒಂದು ಗುಜರಿಗೆ ಹೋಗುತ್ತದೆ.

ಉದಾಹರಣೆಗೆ ಮಾರುತಿಯ ಜಿ13ಬಿಬಿ ಎಂಜಿನ್ ತೆಗೆದುಕೊಂಡಿದ್ದೇನೆ. ಜಿಪ್ಸಿ ಕಿಂಗ್ ಎಂಪಿಎಫ್‌ಐ ಮತ್ತು ಆಮೇಲಿನ ಎಸ್ಟೀಮ್‌ಗಳಲ್ಲಿ ಬಂದದ್ದು ಇದೇ. 1298 ಸಿಸಿ, ಬೋರ್ 74 ಮಿಮೀ, ಸ್ಟ್ರೋಕ್ 75.5 ಮಿಮೀ, ಒಂದೇ ಕ್ಯಾಮ್ (ವಾಲ್ವ್ ತೆರೆಯುವ ಉಬ್ಬುಗಳಿರುವ ದಂಡ), 16 ವಾಲ್ವ್, ಅಲ್ಯೂಮಿನಿಯಂ ಹೆಡ್. ರ‍್ಯಾಲಿಯವರೂ ಡ್ರ್ಯಾಗ್‌ನವರೂ ಚೆನ್ನಾಗಿ ಬಲ್ಲ ಎಂಜಿನ್. ಹಳೇ ಹೆಡ್ ಹುಡುಕಿದರೆ ಸಿಗುತ್ತದೆ, ಕೈ ಪಳಗಿಸಲು ಇದಕ್ಕಿಂತ ಒಳ್ಳೆಯದು ಬೇಡ. ನಿಮ್ಮದು ಬೇರೆ ಎಂಜಿನ್ ಆದರೆ ಅಳತೆ ಬೇರೆಯಾದೀತು, ಕೆಲಸದ ಕ್ರಮ ಇದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ. ರಸ್ತೆಯಲ್ಲಿ ರೇಸ್ ಮಾಡುವುದು 189ನೇ ಕಲಮಿನಲ್ಲಿ ಅಪರಾಧ. ಟರ್ಬೊ ಹಾಕುವ ಮುಂಚೆ ಆರ್‌ಟಿಒ ಕಡೆಯ ಲೆಕ್ಕ ನೋಡಿಕೊಳ್ಳಿ. ಗಾಡಿಯ ಕೈಲಾಗುವುದನ್ನು ನೋಡಬೇಕೆಂದರೆ ಟ್ರ್ಯಾಕ್‌ಗೆ ಹೋಗಿ.

ಪೋರ್ಟ್‌ಗೆ ಬೂಸ್ಟ್ ಗೊತ್ತಾಗುವುದಿಲ್ಲ

ಪೋರ್ಟ್ ಅಂದರೆ ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳಿಂದ) ವಾಲ್ವ್‌ವರೆಗೆ ಹೆಡ್ ಒಳಗೆ ಇರುವ ಸುರಂಗ. ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ಪಿಸ್ಟನ್ ಖಾಲಿ ಮಾಡಿಕೊಡುವ ಜಾಗ ಎಷ್ಟೋ ಅಷ್ಟೇ. ಟರ್ಬೊ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಾಗಾಗಿ ಪೋರ್ಟ್‌ನಲ್ಲಿ ಗಾಳಿ ಓಡುವ ವೇಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಗಾಳಿಯ ಸಾಂದ್ರತೆ ಮಾತ್ರ. ಒಂದು ಬಾರ್ ಬೂಸ್ಟ್‌ನಲ್ಲಿ, ಇಂಟರ್‌ಕೂಲರ್ ಚೆನ್ನಾಗಿ ತಣ್ಣಗೆ ಮಾಡಿಕೊಟ್ಟರೆ, ಅದೇ ಜಾಗದಲ್ಲಿ ಹತ್ತಿರ ಹತ್ತಿರ ಎರಡರಷ್ಟು ಗಾಳಿ ಹಿಡಿಸುತ್ತದೆ. "ಬೂಸ್ಟ್ ಇದೆ, ಪೋರ್ಟ್ ದೊಡ್ಡದಾಗಲಿ" ಅನ್ನುವ ವಾದ ನಿಲ್ಲುವುದಿಲ್ಲ. ದೊಡ್ಡ ಪೋರ್ಟ್‌ನಲ್ಲಿ ಗಾಳಿ ನಿಧಾನವಾಗುತ್ತದೆ. ಟರ್ಬೊ ಎಚ್ಚರಗೊಳ್ಳುವ ಮುಂಚೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವ 2000ದಿಂದ 3000 ಆರ್‌ಪಿಎಂನಲ್ಲಿ, ಗಾಡಿ ಸತ್ತಂತೆ ಎಳೆಯುತ್ತದೆ.

ಮಿತ್ಸುಬಿಷಿಯವರೇ ಇದನ್ನು ತೋರಿಸಿಕೊಟ್ಟಿದ್ದಾರೆ. ಅವರ 4ಜಿ63 ಟರ್ಬೊ ಎಂಜಿನ್‌ನ ಮೊದಲ ತಲೆಮಾರಿನ ಎಕ್ಲಿಪ್ಸ್ ಕಾರಿನ ಹೆಡ್‌ನಲ್ಲಿ ಇನ್‌ಟೇಕ್ ಪೋರ್ಟ್, ಅಂದರೆ ಗಾಳಿ ಒಳಗೆ ಬರುವ ಪೋರ್ಟ್, ದೊಡ್ಡದಿತ್ತು. 1995ರಲ್ಲಿ ಬಂದ ಎರಡನೇ ತಲೆಮಾರಿನಲ್ಲಿ ಅದನ್ನು ಚಿಕ್ಕದು ಮಾಡಿದರು.

ಹಾಗಾದರೆ ಪೋರ್ಟಿಂಗ್‌ನಿಂದ ಲಾಭ ಏನು? ಬೂಸ್ಟ್ ಗೇಜ್ ತೋರಿಸುವುದು ಎಂಜಿನ್ ಒಳಗೆ ಹೋದ ಗಾಳಿಯನ್ನಲ್ಲ, ಬಾಗಿಲ ಹೊರಗೆ ಕಾಯುತ್ತಿರುವ ಗಾಳಿಯ ಒತ್ತಡವನ್ನು. ಹೆಡ್ ಸರಾಗವಾಗಿ ಉಸಿರಾಡಿದರೆ ಅದೇ ಶಕ್ತಿ ಕಡಿಮೆ ಬೂಸ್ಟ್‌ನಲ್ಲಿ ಬರುತ್ತದೆ. ಬೂಸ್ಟ್ ಕಡಿಮೆ ಆದರೆ ಗಾಳಿಯ ಬಿಸಿ ಕಡಿಮೆ, ನಾಕಿಂಗ್ ಭಯವೂ ಕಡಿಮೆ. ನಾಕಿಂಗ್ ಅಂದರೆ ಉರಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುವುದು. ಪಿಸ್ಟನ್ ಒಡೆಯುವುದು ಅದರಿಂದಲೇ. ಟರ್ಬೊ ಎಂಜಿನ್‌ಗೆ ಪೋರ್ಟಿಂಗ್ ಮಾಡುವುದು ಈ ಕಾರಣಕ್ಕೆ.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ಪೋರ್ಟಿಂಗ್ ಅಂದ ಕೂಡಲೇ ಆರ್‌ಎಕ್ಸ್ 100, ಯೆಜ್ಡಿ ನೆನಪಾಗುತ್ತವೆ. ಅವು ಎರಡು ಸ್ಟ್ರೋಕ್ ಎಂಜಿನ್. ಅಲ್ಲಿ ಪೋರ್ಟ್ ಇರುವುದು ಸಿಲಿಂಡರ್ ಗೋಡೆಯಲ್ಲಿ, ಎತ್ತರ ಬದಲಾದರೆ ಟೈಮಿಂಗ್ ಬದಲಾಗುತ್ತದೆ. ನಾಲ್ಕು ಸ್ಟ್ರೋಕ್‌ನಲ್ಲಿ ಟೈಮಿಂಗ್ ಕ್ಯಾಮ್‌ನ ಕೆಲಸ. ಪೋರ್ಟ್‌ನಲ್ಲಿ ನೀವು ಮಾಡುವುದು ಗಾಳಿಯ ದಾರಿ ತಿದ್ದುವುದು ಅಷ್ಟೇ. ಎರಡು ಸ್ಟ್ರೋಕ್‌ನಲ್ಲಿ ಪಳಗಿದ ಕೈ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿಯ ಲೆಕ್ಕ ಬರುವುದಿಲ್ಲ.

ಬೇಕಾದ ಸಾಮಾನು

ವೇಗ ಹೊಂದಿಸಲು ಬರುವ ಡೈ ಗ್ರೈಂಡರ್ ಒಂದು. ಕರೆಂಟಿನದು ಸಾಕು, ಗಾಳಿಯದಾದರೆ ದೊಡ್ಡ ಕಂಪ್ರೆಸರ್ ಬೇಕಾಗುತ್ತದೆ. ಅಲ್ಯೂಮಿನಿಯಂಗೆ ಅಂತಲೇ ಬರುವ, ಹಲ್ಲು ವಿರಳವಾಗಿರುವ ಕಾರ್ಬೈಡ್ ಬರ್ ಎರಡು ತೆಗೆದುಕೊಳ್ಳಿ: ಒಂದು ಮೊಟ್ಟೆಯಾಕಾರದ್ದು, ಒಂದು ಉದ್ದ ಕಡ್ಡಿಯದು. ಬರ್ ಅಂದರೆ ಗ್ರೈಂಡರ್ ತುದಿಗೆ ಹಾಕುವ ಕೊರೆಯುವ ಹಲ್ಲಿನ ಗುಂಡು. ಕಬ್ಬಿಣ ಕೊರೆಯುವ, ಹಲ್ಲು ಒತ್ತಾದ ಬರ್ ತಂದರೆ ನಿಮಿಷದಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡು ಕೂರುತ್ತದೆ. 60, 80, 120 ಗ್ರಿಟ್‌ನ ಎಮರಿ ರೋಲ್. ಡಿಜಿಟಲ್ ಕ್ಯಾಲಿಪರ್, ರಂಧ್ರದ ಒಳ ಅಳತೆಗೆ ಸ್ನ್ಯಾಪ್ ಗೇಜ್, ಗುರುತು ಹಾಕಲು ನೀಲಿ ಬಣ್ಣ ಮತ್ತು ಚೂಪು ಸೂಜಿ, 50 ಸಿಸಿ ಬ್ಯೂರೆಟ್ (ಗೆರೆ ಹಾಕಿದ ಅಳತೆ ಕೊಳವೆ), ಚೇಂಬರ್ (ಹೆಡ್‌ನಲ್ಲಿ ಮಿಶ್ರಣ ಉರಿಯುವ ಗುಂಡಿ) ಮುಚ್ಚಲು ತೂತಿರುವ ಅಕ್ರಿಲಿಕ್ ತುಂಡು. ಬೆಂಗಳೂರಿನಲ್ಲಿದ್ದರೆ ಎಸ್‌.ಜೆ.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬಹುಪಾಲು ಸಿಗುತ್ತದೆ.

ಕನ್ನಡಕ, ಮುಖಕ್ಕೆ ಸರಿಯಾದ ಮಾಸ್ಕ್, ಕಿವಿಗೆ ರಕ್ಷಣೆ. ಇದರಲ್ಲಿ ಚೌಕಾಸಿ ಬೇಡ. ಬರ್‌ನಿಂದ ಹಾರುವ ಅಲ್ಯೂಮಿನಿಯಂ ಸೂಜಿಯಂತಿರುತ್ತದೆ, ಕಣ್ಣಿಗೆ ಹೋದರೆ ಡಾಕ್ಟರೇ ತೆಗೆಯಬೇಕು. ಬಟ್ಟೆಯ ಗ್ಲೌಸ್ ಹಾಕಬೇಡಿ, ತಿರುಗುವ ಬರ್ ಅದನ್ನು ಸುತ್ತಿಕೊಳ್ಳುತ್ತದೆ.

ಹಂತ 1: ಬಿಚ್ಚುವುದು, ತೊಳೆಯುವುದು, ಪರೀಕ್ಷಿಸುವುದು

ವಾಲ್ವ್, ಸ್ಪ್ರಿಂಗ್, ರಾಕರ್ ಎಲ್ಲವನ್ನೂ ಬಿಚ್ಚಿ, ಯಾವುದು ಎಲ್ಲಿಯದು ಅಂತ ಬರೆದ ಚೀಲದಲ್ಲಿ ಹಾಕಿಡಿ. ಹೆಡ್ ತೊಳೆಸಿದ ಮೇಲೆ ಮೆಷಿನ್ ಶಾಪ್‌ನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ನೀರಿನ ದಾರಿಗಳನ್ನು ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ಎರಡು ವಾಲ್ವ್ ಸೀಟ್‌ಗಳ (ಮುಚ್ಚಿದ ವಾಲ್ವ್ ಕೂರುವ ಉಂಗುರಗಳ) ನಡುವಿನ ತೆಳು ಸೇತುವೆ, ಸ್ಪಾರ್ಕ್ ಪ್ಲಗ್ ತೂತಿನ ಅಂಚು, ಇವೆರಡರಲ್ಲಿ ಬಿರುಕು ಹೆಚ್ಚು. ಬಿರುಕಿದ್ದರೆ ಆ ಹೆಡ್ಡನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಹತ್ತು ದಿನ ಕೊರೆದ ಮೇಲೆ ಬಿರುಕು ಗೊತ್ತಾದರೆ ಹೊಟ್ಟೆ ಉರಿಯುತ್ತದೆ.

ಗೈಡ್ ಸವೆದಿದ್ದರೆ ಈಗಲೇ ಬದಲಾಯಿಸಿ. ಗೈಡ್ ಅಂದರೆ ವಾಲ್ವ್ ಕಡ್ಡಿ ಓಡಾಡುವ ಕೊಳವೆ. ಸಡಿಲ ಗೈಡ್ ಇಟ್ಟುಕೊಂಡು ಸೀಟ್ ಕತ್ತರಿಸಿದರೆ ಸೀಟ್ ಗುಂಡಗೆ ಬರುವುದೇ ಇಲ್ಲ.

ಹಂತ 2: ಅಳೆಯುವುದು, ಗುರುತು ಹಾಕುವುದು

ಒಂದು ಇಡೀ ಸಂಜೆ ಇದಕ್ಕೇ ಇಡಿ. ಪ್ರತಿ ಪೋರ್ಟ್‌ನ ಬಾಯಿ, ಮಧ್ಯ, ಥ್ರೋಟ್, ಮೂರೂ ಕಡೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಥ್ರೋಟ್ ಅಂದರೆ ಸೀಟ್‌ನ ಸ್ವಲ್ಪ ಕೆಳಗೆ ಪೋರ್ಟ್ ಅತಿ ಕಿರಿದಾಗುವ ಕತ್ತು. ಅದರ ಕೆಳಗಿನ ಬಟ್ಟಲಿನಂಥ ಭಾಗವೇ ಬೌಲ್. ಪೋರ್ಟ್ ನೇರ ಬಂದು ವಾಲ್ವ್ ಕಡೆ ತಿರುಗುವ ಒಳಗಿನ ತಿರುವನ್ನು ಶಾರ್ಟ್ ಸೈಡ್ ಅನ್ನುತ್ತಾರೆ. ಈ ಮೂರು ಹೆಸರು ನೆನಪಿರಲಿ, ಮುಂದೆ ಪದೇ ಪದೇ ಬರುತ್ತವೆ.

ದಂತವೈದ್ಯರು ಬಳಸುವಂಥ ಸಿಲಿಕೋನ್ ಸಿಕ್ಕರೆ ಮುಟ್ಟದ ಒಂದು ಪೋರ್ಟ್‌ನ ಅಚ್ಚು ತೆಗೆಯಿರಿ. ಎಣ್ಣೆ ಸವರಿ, ಸುರಿದು, ಗಟ್ಟಿಯಾದ ಮೇಲೆ ಎಳೆದರೆ ಪೋರ್ಟ್‌ನ ಆಕಾರ ಅಂಗೈಯಲ್ಲಿ ಬರುತ್ತದೆ. ಸುರಂಗದೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಾಣದ್ದು ಅಚ್ಚಿನಲ್ಲಿ ಎದ್ದು ಕಾಣುತ್ತದೆ: ಸೀಟ್ ಕೆಳಗಿನ ಚೂಪು ಮೆಟ್ಟಿಲು, ಗೈಡ್ ಸುತ್ತಲಿನ ಗುಬ್ಬು, ಎರಕದ ಗೆರೆ. ನೀವು ತೆಗೆಯಬೇಕಾದದ್ದು ಹೆಚ್ಚುಕಡಿಮೆ ಇವಿಷ್ಟೇ.

ಹಂತ 3: ಬೌಲ್ ಮತ್ತು ಥ್ರೋಟ್

ಲಾಭದ ದೊಡ್ಡ ಪಾಲು ಇಲ್ಲಿದೆ. ವಾಲ್ವ್ ಸೀಟ್‌ನಿಂದ ಕೆಳಗೆ ಸುಮಾರು 20 ಮಿಮೀ. ಸಮಯ ಕಡಿಮೆ ಇದ್ದರೆ ಇಷ್ಟು ಮಾಡಿ ಉಳಿದದ್ದು ಬಿಟ್ಟುಬಿಡಿ, ನಷ್ಟವಿಲ್ಲ.

ಕಾರ್ಖಾನೆಯಲ್ಲಿ ಸೀಟ್ ರಿಂಗ್ ಕೂರಿಸಿದ ಮೇಲೆ ಅದರ ಮೂಲಕ ಕೆಳಕ್ಕೆ ಒಂದು ಕಟರ್ ಬಿಟ್ಟಿರುತ್ತಾರೆ. ಅದು ಎಲ್ಲಿ ನಿಂತಿತೋ ಅಲ್ಲಿ ಉಗುರಿಗೆ ತಗಲುವ ಒಂದು ಅಂಚು ಉಳಿಯುತ್ತದೆ. ಬೆರಳು ಬಿಟ್ಟು ನೋಡಿ, ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ರಿಂಗ್ ಚಾಚಿರುತ್ತದೆ, ಇನ್ನೊಂದು ಕಡೆ ಅಲ್ಯೂಮಿನಿಯಂ ಚಾಚಿರುತ್ತದೆ. ಗಾಳಿ ಪೂರ್ತಿ ವೇಗದಲ್ಲಿ ತಿರುಗುವ ಜಾಗ ಇದು, ಅಲ್ಲೇ ಈ ಮೆಟ್ಟಿಲು ಎದುರಾಗುತ್ತದೆ. ಅದನ್ನು ತೆಗೆದು ಸೀಟ್‌ನಿಂದ ಬೌಲ್‌ಗೆ ಒಂದೇ ನುಣುಪು ಬಾಗು ಬರುವಂತೆ ಮಾಡುವುದೇ ಈ ಹಂತ.

ಥ್ರೋಟ್‌ನ ಅಳತೆ ವಾಲ್ವ್ ತಲೆಯ ವ್ಯಾಸದ 85ರಿಂದ 88 ಶೇಕಡಾ ಸಾಕು. ನಿಮ್ಮ ಇನ್‌ಟೇಕ್ ವಾಲ್ವ್ 28 ಮಿಮೀ ಅಂತಿಟ್ಟುಕೊಳ್ಳಿ: 23.8ರಿಂದ 24.6 ಮಿಮೀ. ವಾಲ್ವ್‌ಗೆ ಕ್ಯಾಲಿಪರ್ ಹಿಡಿದು ನಿಮ್ಮದೇ ಲೆಕ್ಕ ಹಾಕಿಕೊಳ್ಳಿ. 90 ದಾಟಿದರೆ ಸೀಟ್ ಕೆಳಗೆ ಗಾಳಿ ತಿರುಗಲು ಬೇಕಾದ ಬಾಗೇ ಉಳಿಯುವುದಿಲ್ಲ, ಸೀಟ್ ರಿಂಗ್ ಹಿಡಿದಿಡುವ ಲೋಹವೂ ತೆಳುವಾಗುತ್ತದೆ. ಬೂಸ್ಟ್ ಬಿಸಿಯಲ್ಲಿ ಸೀಟ್ ಸಡಿಲವಾಗಿ ಬಿದ್ದರೆ ಪಿಸ್ಟನ್, ಹೆಡ್ ಎರಡೂ ಹೋಗುತ್ತವೆ.

ಕೈ ಹೇಗಿರಬೇಕು? ಬರ್‌ಗೆ ಸೀಮೆಎಣ್ಣೆ ಅಥವಾ ಡಬ್ಲ್ಯೂಡಿ-40 ಆಗಾಗ ಸವರುತ್ತಿರಿ, ಅಲ್ಯೂಮಿನಿಯಂ ಮೆತ್ತುವುದಿಲ್ಲ. ಬರ್ ಒಂದೇ ಜಾಗದಲ್ಲಿ ನಿಲ್ಲಬಾರದು, ಗೋಡೆಗೆ ಬಣ್ಣ ಬಳಿಯುವ ಹಾಗೆ ಓಡುತ್ತಿರಬೇಕು. ಅಲುಗಾಡಿ ಕುಪ್ಪಳಿಸಿದರೆ ವೇಗ ಜಾಸ್ತಿಯಾಗಿದೆ ಅಥವಾ ಕಡ್ಡಿ ಚಕ್‌ನಿಂದ ಜಾಸ್ತಿ ಹೊರಗಿದೆ. ಸೀಟ್ ಮುಖಕ್ಕೆ ಬರ್ ಒಮ್ಮೆ ತಗಲಿದರೆ ಬೀಳುವ ಗೆರೆ ಕೈಯಿಂದ ಹೋಗುವುದಿಲ್ಲ. ಹಾಗಾಗಿ ಒರಟು ಕೆಲಸ ಈಗ ಮಾಡಿ, ಸೀಟ್ ಹೊಸದಾಗಿ ಕತ್ತರಿಸುವುದು ಆಮೇಲೆ. ಕೊನೆಗೆ ಎಮರಿಯಿಂದ ಸೀಟನ್ನೂ ಬೌಲನ್ನೂ ಕೂಡಿಸಿ.

ಪೋರ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಮುಗಿಸಬೇಡಿ. ಒಂದು ಕೆಲಸ ಎಂಟೂ ಇನ್‌ಟೇಕ್ ಬೌಲ್‌ಗೆ ಮಾಡಿ, ಆಮೇಲೆ ಮುಂದಿನ ಕೆಲಸಕ್ಕೆ ಹೋಗಿ. ಇಲ್ಲದಿದ್ದರೆ ಕೈ ಪಳಗುತ್ತಾ ಹೋಗಿ ಮೊದಲನೆಯ ಸಿಲಿಂಡರ್ ಒಂದು ತರ, ನಾಲ್ಕನೆಯದು ಇನ್ನೊಂದು ತರ ಆಗುತ್ತದೆ. ಟರ್ಬೊ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಮಾತ್ರ ಹೆಚ್ಚು ಗಾಳಿ ಎಳೆದುಕೊಂಡು, ಪೆಟ್ರೋಲ್ ಮಾತ್ರ ಉಳಿದವುಗಳಷ್ಟೇ ಸಿಕ್ಕರೆ ಮೊದಲು ಸಾಯುವುದು ಅದೇ.

ಹಂತ 4: ಶಾರ್ಟ್ ಸೈಡ್

ಇಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಗಾಳಿ ಜೋರಾಗಿ ಬಂದು ಈ ತಿರುವಿನಲ್ಲಿ ವಾಲ್ವ್ ಕಡೆ ಬಗ್ಗಬೇಕು. ಚೂಪಾಗಿದ್ದರೆ ಗೋಡೆ ಬಿಟ್ಟು ಹಾರುತ್ತದೆ, ವಾಲ್ವ್‌ನ ಅರ್ಧ ಸುತ್ತು ಖಾಲಿ ಹೊಡೆಯುತ್ತದೆ. ಹಾಗಾಗಿ ಚೂಪನ್ನು ಎಮರಿಯಿಂದ ಸ್ವಲ್ಪ ಉರುಟು ಮಾಡಿ. ಅಷ್ಟೇ. ಪೋರ್ಟ್ ನೆಲವನ್ನು ಕೆಳಕ್ಕೆ ಕೊರೆದರೆ ತಿರುವು ಇನ್ನೂ ಕಡಿದಾಗುತ್ತದೆ. ದೊಡ್ಡ ಪೋರ್ಟ್ ಮಾಡಿಯೂ ಗಾಳಿ ಕಡಿಮೆಯಾಗುವುದು ಹೀಗೆಯೇ. ಲೋಹ ತೆಗೆಯಲೇಬೇಕಿದ್ದರೆ ಮೇಲಿನ ಛಾವಣಿಯಲ್ಲಿ ತೆಗೆಯಿರಿ.

ನೀರಿನ ಜಾಕೆಟ್ ಹತ್ತಿರವಿರುವುದೂ ಇಂಥ ಕಡೆಯೇ. ಅಂದರೆ ಪೋರ್ಟ್ ಗೋಡೆಯ ಆ ಬದಿಯಲ್ಲಿ ಕೂಲೆಂಟ್ ಓಡುತ್ತಿರುತ್ತದೆ. ಗೋಡೆ ತೆಳುವಾದಾಗ ಬರ್‌ನ ಸದ್ದು ಬದಲಾಗುತ್ತದೆ, ಗಟ್ಟಿ ಗುರ್ ಅನ್ನುವುದು ಹೋಗಿ ಡಬ್ಬಿ ತಟ್ಟಿದಂಥ ಟೊಳ್ಳು ಸದ್ದು ಬರುತ್ತದೆ. ಅದು ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ. ಬೂಸ್ಟ್ ಹೊಡೆಯುವ ಹೆಡ್‌ನಲ್ಲಿ ತೆಳು ಗೋಡೆ ಇವತ್ತಲ್ಲ ನಾಳೆ ಬಿಡುತ್ತದೆ. ಅಭ್ಯಾಸದ ಹೆಡ್ ಸಿಕ್ಕಿದ್ದರೆ ಅದನ್ನು ಗರಗಸದಿಂದ ಪೋರ್ಟ್ ಉದ್ದಕ್ಕೂ ಕೊಯ್ಯಿಸಿ ನೋಡಿ. ಲೋಹ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಕಣ್ಣಾರೆ ಕಂಡ ಮೇಲೆ ಕೈಗೆ ಧೈರ್ಯ ಬರುತ್ತದೆ.

ಹಂತ 5: ಗೈಡ್ ಗುಬ್ಬು, ನಡು ಗೋಡೆ, ಪೋರ್ಟ್ ಬಾಯಿ

ಇನ್‌ಟೇಕ್‌ನಲ್ಲಿ ಗೈಡ್ ಸುತ್ತಲಿನ ಎರಕದ ಗುಬ್ಬನ್ನು ದೋಣಿಯಾಕಾರಕ್ಕೆ ಸವರಿ. ಗೈಡ್ ತುಂಡು ಮಾಡಬೇಡಿ. ಎರಡು ವಾಲ್ವ್‌ಗೆ ದಾರಿ ಒಡೆಯುವ ನಡು ಗೋಡೆಯ ತುದಿಯನ್ನು ಬ್ಲೇಡ್‌ನಂತೆ ಚೂಪು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ, ಸಣ್ಣ ಉರುಟು ತುದಿಯೇ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ.

ಬಾಯಿಯಲ್ಲಿ ಗ್ಯಾಸ್ಕೆಟ್ ಇಟ್ಟು, ಅದರ ಗೆರೆವರೆಗೂ ಕೊರೆಯುವ ಅಭ್ಯಾಸ ಇದೆ. ಗ್ಯಾಸ್ಕೆಟ್‌ನ ತೂತು ಪೋರ್ಟ್‌ಗಿಂತ ಬೇಕೆಂದೇ ದೊಡ್ಡದಿರುತ್ತದೆ. ಆ ಗೆರೆ ಹಿಡಿದರೆ ಬಾಯಿ ಅಗಲ, ಒಳಗೆ ಕಿರಿದು, ಲಾಭ ಏನೂ ಇಲ್ಲ. ನೋಡಬೇಕಾದದ್ದು ಒಂದೇ: ಗಾಳಿ ಬರುವ ದಿಕ್ಕಿಗೆ ಎದುರಾಗಿ ಮೆಟ್ಟಿಲು ಇರಬಾರದು. ಇನ್‌ಟೇಕ್ ಮ್ಯಾನಿಫೋಲ್ಡ್‌ನ ತೂತು ಹೆಡ್‌ನ ತೂತಿಗಿಂತ ಅರ್ಧ ಮಿಮೀ ಚಿಕ್ಕದಿದ್ದರೆ ತೊಂದರೆಯಿಲ್ಲ, ದೊಡ್ಡದಿರಬಾರದು. ಮ್ಯಾನಿಫೋಲ್ಡ್ ಪ್ರತಿ ಸಲ ಅದೇ ಜಾಗಕ್ಕೆ ಕೂರುವಂತೆ ಎರಡು ಡೋವೆಲ್ ಪಿನ್ ಹಾಕಿಸಿ. ಅದಿಲ್ಲದೆ ಈ ಹೊಂದಾಣಿಕೆಗೆ ಅರ್ಥವಿಲ್ಲ.

ಇನ್‌ಟೇಕ್ ಗೋಡೆಯನ್ನು 60 ಅಥವಾ 80 ಗ್ರಿಟ್‌ಗೆ ನಿಲ್ಲಿಸಿ. ಕನ್ನಡಿಯಂತೆ ಪಾಲಿಶ್ ಮಾಡಿದರೆ ಫೋಟೊ ಚೆನ್ನಾಗಿ ಬರುತ್ತದೆ, ಆದರೆ ನುಣುಪು ಗೋಡೆಯ ಮೇಲೆ ಪೆಟ್ರೋಲ್ ಹನಿಗಟ್ಟಿ ಹರಿಯುತ್ತದೆ. ಸ್ವಲ್ಪ ಒರಟಿದ್ದರೆ ಅದು ಮತ್ತೆ ಗಾಳಿಗೆ ಸೇರುತ್ತದೆ.

ಹಂತ 6: ಎಕ್ಸಾಸ್ಟ್ ಕಡೆ

ಟರ್ಬೊ ಹೆಡ್ ಬೇರೆ ಹೆಡ್‌ಗಳಿಂದ ಬೇರೆಯಾಗುವುದು ಇಲ್ಲಿ. ಹೊಗೆ ಹೊರಗೆ ಹೋದ ಕೂಡಲೇ ಅದರ ಎದುರಿಗೆ ಟರ್ಬೈನ್, ಅಂದರೆ ಹೊಗೆ ತಿರುಗಿಸುವ ಟರ್ಬೊದ ಚಕ್ರ ಇದೆ. ಅಲ್ಲಿನ ಒತ್ತಡ ಎಷ್ಟೋ ಸಲ ಬೂಸ್ಟ್‌ಗಿಂತಲೂ ಜಾಸ್ತಿ ಇರುತ್ತದೆ. ಎಕ್ಸಾಸ್ಟ್ ವಾಲ್ವ್, ಗೈಡ್, ಸೀಟ್ ಮೂರೂ ಕೆಂಡದಲ್ಲಿ ಕುಳಿತಂತೆ.

ಟರ್ಬೊ ತಿರುಗುವುದು ಹೊಗೆಯ ಬಿಸಿ ಮತ್ತು ಬಡಿತದಿಂದ. ಪೋರ್ಟ್ ಅಗಲ ಮಾಡಿದರೆ ಹೊಗೆ ಅಲ್ಲೇ ಹಿಗ್ಗಿ, ನಿಧಾನವಾಗಿ, ತನ್ನ ಬಿಸಿಯನ್ನು ಹೆಡ್‌ಗೂ ಕೂಲೆಂಟ್‌ಗೂ ಕೊಟ್ಟು ಹೋಗುತ್ತದೆ. ನಿಮಗೆ ಬೇಕಿರುವುದು ಆ ಬಿಸಿ ಟರ್ಬೈನ್‌ಗೆ ತಲುಪುವುದು. ಹಾಗಾಗಿ ಇಲ್ಲಿಯೂ ಬೌಲ್ ಮತ್ತು ಥ್ರೋಟ್‌ನ ಅಂಚು ತೆಗೆಯಿರಿ, ತಿರುವು ಉರುಟು ಮಾಡಿ, ಉಳಿದ ಅಳತೆ ಹಾಗೇ ಇರಲಿ. ಪೋರ್ಟ್‌ನ ನೆಲ ಮುಟ್ಟಬೇಡಿ. ಮ್ಯಾನಿಫೋಲ್ಡ್‌ನ ತೂತು ಹೆಡ್‌ನದ್ದಕ್ಕಿಂತ ಸುತ್ತಲೂ ಒಂದು ಮಿಮೀ ದೊಡ್ಡದಿದ್ದರೆ ಒಳ್ಳೆಯದು, ಹಿಂದಕ್ಕೆ ಬರುವ ಹೊಗೆಗೆ ಆ ಮೆಟ್ಟಿಲು ಅಡ್ಡ ನಿಲ್ಲುತ್ತದೆ. ಇಲ್ಲಿ ಮಾತ್ರ 120 ಗ್ರಿಟ್‌ಗಿಂತ ನುಣುಪು ಮಾಡಿದರೂ ಸರಿ, ಮಸಿ ಕಡಿಮೆ ಕೂರುತ್ತದೆ.

ಎಕ್ಸಾಸ್ಟ್ ಗೈಡ್ ಕತ್ತರಿಸಿ ಪೋರ್ಟ್ ಖಾಲಿ ಮಾಡುವುದು ಹಳೆಯ ರೇಸ್ ಪದ್ಧತಿ. ರಸ್ತೆಯಲ್ಲೂ ಓಡುವ ಟರ್ಬೊ ಗಾಡಿಗೆ ಅದು ಸಲ್ಲದು. ವಾಲ್ವ್ ತನ್ನ ಬಿಸಿ ಕಳೆದುಕೊಳ್ಳುವುದು ಎರಡೇ ದಾರಿಯಲ್ಲಿ: ಬಹುಪಾಲು ಸೀಟ್ ಮೂಲಕ, ಉಳಿದದ್ದು ಗೈಡ್ ಮೂಲಕ. ಎರಡರಲ್ಲಿ ಒಂದನ್ನು ಕಿತ್ತುಕೊಂಡರೆ ವಾಲ್ವ್ ಸುಡುತ್ತದೆ.

ಹಂತ 7: ಕಂಬಶ್ಚನ್ ಚೇಂಬರ್

ಕೆಲಸ ಸಣ್ಣದು, ಬಿಡುವ ಹಾಗಿಲ್ಲ. ಚೂಪು ಅಂಚು, ಎರಕದ ಮೊನೆ, ಪ್ಲಗ್ ತೂತಿನಿಂದ ಇಣುಕುವ ತಿರುಪಿನ ಗೆರೆ, ಎಲ್ಲವನ್ನೂ ಎಮರಿಯಿಂದ ಉರುಟು ಮಾಡಿ. ಬೂಸ್ಟ್‌ನಲ್ಲಿ ಇಂಥ ಮೊನೆಗಳು ಕೆಂಪಗೆ ಕಾದು ಸ್ಪಾರ್ಕ್ ಬರುವ ಮೊದಲೇ ಕಿಡಿ ಹಚ್ಚುತ್ತವೆ. ಪಿಸ್ಟನ್‌ಗೆ ಹತ್ತಿರ ಬರುವ ಸಪಾಟು ಭಾಗವನ್ನು ಮಾತ್ರ ಹಾಗೇ ಬಿಡಿ. ಅದೇ ಸ್ಕ್ವಿಶ್: ಮಿಶ್ರಣವನ್ನು ಹಿಂಡಿ ಪ್ಲಗ್ ಕಡೆ ತಳ್ಳುವ ಜಾಗ. ಕಂಪ್ರೆಶನ್ (ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವ ಲೆಕ್ಕ) ಇಳಿಸಬೇಕು ಅಂತ ಅದನ್ನು ಕೆರೆದು ತೆಗೆದವರು ನಾಕಿಂಗ್ ಕಡಿಮೆ ಮಾಡಲು ಹೋಗಿ ಜಾಸ್ತಿ ಮಾಡಿಕೊಂಡಿದ್ದಾರೆ. ಕಂಪ್ರೆಶನ್ ಇಳಿಸುವುದಿದ್ದರೆ ಪಿಸ್ಟನ್‌ನಲ್ಲಿ ಇಳಿಸಿ.

ಹಂತ 8: ವಾಲ್ವ್ ಸೀಟ್

ಇದು ಮನೆಯ ಕೆಲಸವಲ್ಲ. ಸೀಟ್ ಕಟಿಂಗ್ ಮೆಷಿನ್ ಇರುವ ಶಾಪ್‌ಗೆ ಹೋಗಿ, ಬೇಕಾದದ್ದನ್ನು ಕಾಗದದಲ್ಲಿ ಬರೆದು ಕೊಡಿ. ಮೂರು ಕೋನ: ಚೇಂಬರ್ ಕಡೆ 30 ಡಿಗ್ರಿ, ವಾಲ್ವ್ ಕೂರುವ ಮುಖ 45, ಬೌಲ್ ಕಡೆ 60. ಕೂರುವ ಮುಖದ ಅಗಲ ಇನ್‌ಟೇಕ್‌ಗೆ 1.0ರಿಂದ 1.2 ಮಿಮೀ, ಎಕ್ಸಾಸ್ಟ್‌ಗೆ 1.5ರಿಂದ 1.8 ಮಿಮೀ. ಎಕ್ಸಾಸ್ಟ್ ಅಗಲ ಯಾಕೆ ಅಂತ ಮೇಲೆ ಹೇಳಿದ್ದೇನೆ, ಬಿಸಿ ಹೋಗುವ ದಾರಿ ಅದು. ಬಾಯಿಮಾತಿನಲ್ಲಿ ಬಿಡಬೇಡಿ. ನನ್ನದೇ ಒಂದು ಹೆಡ್‌ಗೆ "ರೇಸ್ ಗಾಡಿ ಅಲ್ವಾ ಸಾರ್" ಅಂತ ಒಂದು ಶಾಪ್‌ನವರು ಎಕ್ಸಾಸ್ಟ್ ಸೀಟ್ ಒಂದು ಮಿಮೀಗೂ ಕಿರಿದಾಗಿ ಕತ್ತರಿಸಿ ಕೊಟ್ಟರು. ಮೂರನೇ ಸಿಲಿಂಡರ್‌ನ ವಾಲ್ವ್ ಅಂಚು ಸುಟ್ಟು, ಕಚ್ಚಿ ತೆಗೆದ ಬಿಸ್ಕತ್ತಿನ ಹಾಗೆ ಹೊರಗೆ ಬಂತು.

ವಾಪಸ್ ಬಂದ ಮೇಲೆ ನೀಲಿ ಹಚ್ಚಿ, ವಾಲ್ವ್ ಕೂರಿಸಿ, ಮೆಲ್ಲಗೆ ತಿರುಗಿಸಿ ನೋಡಿ. ಗುರುತು ಸುತ್ತಲೂ ಮುರಿಯದೆ, ಒಂದೇ ಅಗಲದಲ್ಲಿ, ವಾಲ್ವ್ ಮುಖದ ಮಧ್ಯಕ್ಕೆ ಬಂದಿರಬೇಕು. ಆಮೇಲೆ 60 ಡಿಗ್ರಿಯ ಕೆಳಗಿನ ಅಂಚನ್ನು ಕೈಯಲ್ಲೇ, 120 ಎಮರಿಯಿಂದ ಬೌಲ್‌ಗೆ ಕೂಡಿಸಿ. ಈ ಹಂತದಲ್ಲಿ ಮೆಷಿನ್ ಬೇಡ.

ಹಂತ 9: ಸಿಸಿ ಅಳೆಯುವುದು, ಫೇಸಿಂಗ್

ವಾಲ್ವ್, ಪ್ಲಗ್ ಹಾಕಿ ಹೆಡ್ ಮಗುಚಿ ಸಮಮಟ್ಟದಲ್ಲಿ ಇಡಿ. ಚೇಂಬರ್ ಅಂಚಿಗೆ ಗ್ರೀಸ್ ಹಚ್ಚಿ ಅಕ್ರಿಲಿಕ್ ಮುಚ್ಚಿ, ಬ್ಯೂರೆಟ್‌ನಿಂದ ಬಣ್ಣದ ನೀರು ಬಿಡಿ. ಗುಳ್ಳೆ ಉಳಿಯದೆ ತುಂಬಿದಾಗ ಎಷ್ಟು ಇಳಿಯಿತೋ ಅದೇ ಚೇಂಬರ್‌ನ ಸಿಸಿ. ನಾಲ್ಕೂ ಚೇಂಬರ್ ಅರ್ಧ ಸಿಸಿಯೊಳಗೆ ಹೊಂದಬೇಕು.

ಈ ಅರ್ಧ ಸಿಸಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಜಿ13ಬಿಬಿಯ ಒಂದು ಸಿಲಿಂಡರ್ 324.5 ಸಿಸಿ. ಕಂಪ್ರೆಶನ್ 9.5 ಬೇಕಿದ್ದರೆ ಮೇಲೆ ಉಳಿಯುವ ಜಾಗ, ಅಂದರೆ ಚೇಂಬರ್, ಗ್ಯಾಸ್ಕೆಟ್ ದಪ್ಪ, ಪಿಸ್ಟನ್ ತಲೆಯ ಗುಂಡಿ ಎಲ್ಲ ಸೇರಿ, 38.2 ಸಿಸಿ ಇರಬೇಕು. ಒಂದು ಸಿಸಿ ಜಾಸ್ತಿಯಾದರೆ ಕಂಪ್ರೆಶನ್ 9.3ಕ್ಕೆ ಇಳಿಯುತ್ತದೆ. 9.0 ಬೇಕಿದ್ದರೆ 40.6, 8.5 ಬೇಕಿದ್ದರೆ 43.3 ಸಿಸಿ. ಚಿಕ್ಕ ಎಂಜಿನ್‌ನಲ್ಲಿ ಒಂದು ಚಮಚ ನೀರು ದೊಡ್ಡ ವಿಷಯ.

ನೇರ ಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಹೆಡ್ ಮುಖ ನೋಡಿ. 0.05 ಮಿಮೀಗಿಂತ ಜಾಸ್ತಿ ಬಾಗಿದ್ದರೆ ಫೇಸಿಂಗ್ ಮಾಡಿಸಿ (ಮುಖವನ್ನು ಮೆಷಿನ್‌ನಲ್ಲಿ ಸಪಾಟು ಮಾಡಿಸಿ), ಆದಷ್ಟು ಕಡಿಮೆ ತೆಗೆಸಿ. ಹೆಡ್ ಕೆಳಗಿಳಿದಷ್ಟೂ ಬೆಲ್ಟ್‌ನಿಂದ ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ. ಪದರ ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕುವುದಿದ್ದರೆ ಮುಖ ಬಹಳ ನುಣುಪಾಗಿರಬೇಕು, ಅದನ್ನು ಶಾಪ್‌ಗೆ ಮೊದಲೇ ಹೇಳಿ.

ಹಂತ 10: ಗಾಳಿಯ ಪರೀಕ್ಷೆ

ಫ್ಲೋ ಬೆಂಚ್ (ಪೋರ್ಟ್‌ನಲ್ಲಿ ಎಷ್ಟು ಗಾಳಿ ಹಾಯುತ್ತದೆ ಅಂತ ಅಳೆಯುವ ಯಂತ್ರ) ಇರುವ ಕಡೆ ತೋರಿಸಲು ಆದರೆ ತೋರಿಸಿ. ಇಲ್ಲದಿದ್ದರೆ ಒಂದು ದೊಡ್ಡ ವ್ಯಾಕ್ಯೂಮ್ ಕ್ಲೀನರ್, 74 ಮಿಮೀ ಒಳವ್ಯಾಸದ ಕೊಳವೆ, ಬಣ್ಣದ ನೀರು ತುಂಬಿದ ಯು ಆಕಾರದ ಪಾರದರ್ಶಕ ಪೈಪ್, ಇಷ್ಟರಲ್ಲಿ ಹೋಲಿಕೆಗೆ ಸಾಕಾಗುವ ಬೆಂಚ್ ಮನೆಯಲ್ಲೇ ಆಗುತ್ತದೆ. ಇನ್‌ಟೇಕ್ ಬಾಯಿಗೆ ಮಕ್ಕಳು ಆಡುವ ಕ್ಲೇಯಿಂದ ಉರುಟು ಅಂಚು ಕಟ್ಟಿ. ಅದಿಲ್ಲದಿದ್ದರೆ ಗಾಳಿ ಬಾಯಿಯಲ್ಲೇ ಮುಗ್ಗರಿಸಿ ಲೆಕ್ಕ ತಪ್ಪುತ್ತದೆ. ವಾಲ್ವನ್ನು ಒಂದೊಂದು ಮಿಮೀ ತೆರೆಯುತ್ತಾ ಬರೆದುಕೊಳ್ಳಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಪೋರ್ಟ್‌ಗಳೆಲ್ಲ ಒಂದೇ ಸಮ ಇವೆಯಾ ಅನ್ನುವುದು ಮುಖ್ಯ. ಅರ್ಧ ತೆರೆದಾಗಿನ ಅಂಕಿಗಳಿಗೆ ಹೆಚ್ಚು ಬೆಲೆ ಕೊಡಿ. ಪೂರ್ತಿ ತೆರೆದ ಸ್ಥಿತಿಗೆ ವಾಲ್ವ್ ಒಂದೇ ಸಲ ಬರುತ್ತದೆ, ಅರ್ಧ ತೆರೆದ ಜಾಗದಲ್ಲಿ ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಹಾಯುತ್ತದೆ.

ಹಂತ 11: ತೊಳೆಯುವುದು, ಸ್ಪ್ರಿಂಗ್, ಜೋಡಣೆ

ಸೋಪು, ಬಿಸಿನೀರು, ಬಾಟಲಿ ಬ್ರಷ್. ಆಯಿಲ್ ದಾರಿಗಳಲ್ಲಿ ಬ್ರಷ್ ಬಿಟ್ಟು ಗಾಳಿ ಹೊಡೆಯಿರಿ. ಮತ್ತೆ ಮಾಡಿ. ಬಿಳಿ ಬಟ್ಟೆಯಿಂದ ಒರೆಸಿದಾಗ ಬೂದಿ ಬಣ್ಣ ಕಂಡರೆ ಇನ್ನೊಮ್ಮೆ. ಎಮರಿಯ ಪುಡಿ ಟರ್ಬೊ ಬೇರಿಂಗ್ ಸೇರಿದರೆ ಎಲ್ಲ ಕೆಲಸ ನೀರಿನಲ್ಲಿ ಹೋಮ.

ಸ್ಪ್ರಿಂಗ್ ವಿಷಯ ಬಹಳ ಜನ ಮರೆಯುತ್ತಾರೆ. ಬೂಸ್ಟ್ ಇನ್‌ಟೇಕ್ ವಾಲ್ವ್‌ನ ಬೆನ್ನಿಗೆ ಒತ್ತಿ ಅದನ್ನು ತೆರೆಯಲು ನೋಡುತ್ತದೆ. 28 ಮಿಮೀ ವಾಲ್ವ್‌ನ ವಿಸ್ತೀರ್ಣ 6.16 ಚದರ ಸೆಂಮೀ. ಒಂದು ಬಾರ್ ಬೂಸ್ಟ್ ಅಂದರೆ ಪ್ರತಿ ವಾಲ್ವ್ ಮೇಲೆ 6 ಕಿಲೊ ಚಿಲ್ಲರೆ. ಸ್ಪ್ರಿಂಗ್‌ನ ಕೂತಾಗಿನ ಬಲದಿಂದ ಅಷ್ಟನ್ನು ಕಳೆಯಿರಿ. ಹಳೇ ಸ್ಪ್ರಿಂಗ್ ಸೋತಿದ್ದರೆ ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಸೀಟ್ ಮೇಲೆ ಕುಣಿಯುತ್ತದೆ, ಗಾಡಿ ಮುಗ್ಗರಿಸುತ್ತದೆ. ನೀವು ಇಗ್ನಿಷನ್ ಅಂದುಕೊಂಡು ಕಾಯಿಲ್ ಬದಲಾಯಿಸುತ್ತಾ ಕೂರುತ್ತೀರಿ. ಸ್ಪ್ರಿಂಗ್ ಬಲ ಅಳೆಸಿ ಹಾಕಿ, ಎತ್ತರ ಮೊದಲಿನಷ್ಟೇ ಬರುವಂತೆ ಕೆಳಗೆ ಶಿಮ್ (ತೆಳು ಬಿಲ್ಲೆ) ಕೊಡಿ.

ಹೆಡ್ ಬೋಲ್ಟ್ ಹೊಸದು ಹಾಕಿ, ಸ್ಟಡ್ ಸಿಕ್ಕರೆ ಇನ್ನೂ ಒಳ್ಳೆಯದು. ಈ ಎಂಜಿನ್‌ನ ಬ್ಲಾಕ್ ಕೂಡ ಅಲ್ಯೂಮಿನಿಯಂ, ಹಾಗಾಗಿ ಬೋಲ್ಟ್ ಕೂರುವ ತಿರುಪು ತೂತುಗಳಲ್ಲಿ ಎಣ್ಣೆ, ಕೂಲೆಂಟ್ ನಿಲ್ಲದಂತೆ ಒಣಗಿಸಿ. ಮ್ಯಾನ್ಯುಯಲ್‌ನ ಕ್ರಮದಲ್ಲಿ ಹಂತ ಹಂತವಾಗಿ ಬಿಗಿಯಿರಿ.

ಹಂತ 12: ಮೊದಲ ಓಟ

ಹೆಡ್ ಈಗ ಹೆಚ್ಚು ಗಾಳಿ ಬಿಡುತ್ತದೆ. ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಅದು ಗೊತ್ತಿಲ್ಲ. ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿ ಪೆಟ್ರೋಲ್ ಲೆಕ್ಕ ಹಾಕುವ ಇಸಿಯು ಒತ್ತಡ ಅಷ್ಟೇ ಇದೆ ಅಂತ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಹಾಗಾಗಿ ಹಳೆಯ ಮ್ಯಾಪ್‌ನಲ್ಲಿ (ಇಸಿಯು ಒಳಗಿನ ಪೆಟ್ರೋಲ್ ಲೆಕ್ಕದ ಪಟ್ಟಿಯಲ್ಲಿ) ಬೂಸ್ಟ್ ಮುಟ್ಟಲೇಬೇಡಿ. ಮಿಶ್ರಣ ತೆಳುವೋ ಗಟ್ಟಿಯೋ ಅಂತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಹಾಕಿಸಿ, ಬೂಸ್ಟ್ ಮಿತಿಯಲ್ಲಿಡುವ ವೇಸ್ಟ್‌ಗೇಟ್‌ನ ಕನಿಷ್ಠ ಬೂಸ್ಟ್‌ನಿಂದ ಶುರು ಮಾಡಿ ಮತ್ತೆ ಟ್ಯೂನ್ ಮಾಡಿಸಿ. ಟ್ರ್ಯಾಕ್‌ನಲ್ಲಿ 100 ಆಕ್ಟೇನ್ ಹಾಕುವವರು ರಸ್ತೆಯ ಪೆಟ್ರೋಲ್‌ಗೆ ಬೇರೆ ಮ್ಯಾಪ್ ಇಟ್ಟುಕೊಳ್ಳಿ. ಒಂದೇ ಮ್ಯಾಪ್‌ನಲ್ಲಿ ಎರಡೂ ನಡೆಯುವುದಿಲ್ಲ.

ಮೊದಲ ಕೆಲವು ದಿನ ಕೂಲೆಂಟ್ ಮಟ್ಟ ದಿನಾ ನೋಡಿ. ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ಗಾಡಿ ನಿಲ್ಲಿಸಿ. 500 ಕಿಲೋಮೀಟರ್ ಆದ ಮೇಲೆ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ (ವಾಲ್ವ್ ಕಡ್ಡಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) ಮತ್ತೆ ಅಳೆಯಿರಿ. ಹೊಸ ಸೀಟ್‌ಗಳು ಕೂತಂತೆ ಗ್ಯಾಪ್ ಕಡಿಮೆಯಾಗುತ್ತದೆ, ಎಕ್ಸಾಸ್ಟ್‌ನಲ್ಲಿ ಇದು ಜಾಸ್ತಿ. ಗ್ಯಾಪ್ ಇಲ್ಲದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಮುಚ್ಚದಿದ್ದರೆ ಸೀಟ್‌ಗೆ ಬಿಸಿ ಕೊಡುವುದಿಲ್ಲ. ಯಾವ ಸಿಲಿಂಡರ್‌ನಲ್ಲಿ ಎಷ್ಟಿತ್ತು, ಎಷ್ಟಾಯಿತು ಅಂತ ಅದೇ ಪುಸ್ತಕದಲ್ಲಿ ಬರೆಯಿರಿ, 1000 ಕಿಲೋಮೀಟರ್‌ಗೆ ಇನ್ನೊಮ್ಮೆ ಅಳೆಯಿರಿ.